ಮಾವನ ಬಸ್ಸು, ನಮ್ಮ ಕಾಲೇಜು

ನಮ್ಮ ಸೋದರಮಾವನಿಗೆ ಸಿಟ್ಟು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಸಿಟ್ಟು ಬರಬೇಕಾದರೆ ಮೊದಲು ಅದು ಹೋಗಬೇಕಲ್ಲ! ಅದು ಅವರ ಜೊತೆಯಲ್ಲೇ ಎದ್ದು, ಸ್ನಾನ ಮಾಡಿ, ಖಾಕಿ ತೊಟ್ಟು, ಚರ್ಮದ ಚೀಲ ಹೆಗಲಿಗೇರಿಸಿ ಡ್ಯೂಟಿಗೆ ಹೊರಡುತ್ತಿತ್ತು. ಸಂಡೂರು-ಹೊಸಪೇಟೆ ನಡುವೆ ಓಡುವ ಸರ್ಕಾರಿ ಬಸ್ಸಿಗೆ ಮಾವ ಕಂಡಕ್ಟರು.

ಅವು ಗಣಿ ಮೆರೆಯುತ್ತಿದ್ದ ದಿನಗಳು. ರಸ್ತೆಯ ತುಂಬ ಅದಿರು ಲಾರಿ. ಮುಂದೆ ಲಾರಿ, ಹಿಂದೆ ಲಾರಿ, ನಡುವೆ ಮಾವನ ಬಸ್ಸು. ಒಂದು ತಾಸಿನ ದಾರಿಗೆ ನಾಲ್ಕು ತಾಸು ಹಿಡಿದರೂ ಯಾರೂ ಬೆರಗಾಗುತ್ತಿರಲಿಲ್ಲ. ಕೆಂಪು ದೂಳಿಗೆ ಮಾವನ ನರೆಗೂದಲೂ ಕೆಂಪಾಗಿ, ಹೊಸ ಪ್ರಯಾಣಿಕರೊಬ್ಬರು ಒಮ್ಮೆ ಮುಗ್ಧವಾಗಿ ಕೇಳಿದರು, "ಮೆಹಂದಿ ಹಚ್ಚೀರೇನ್ರಿ?"

"ಮೆಹಂದಿ ಅಲ್ರೀ, ಎಕ್ಸ್‌ಪೋರ್ಟ್ ಮಾಲು! ಚೀನಾಕ್ಕ ಹೋಗೋದು ತಪ್ಪಿಸ್ಕೊಂಡು ನನ್ನ ತಲಿ ಮ್ಯಾಲೆ ಕುಂತೈತಿ!"

ಹತ್ತನೇ ತರಗತಿಯ ರಿಸಲ್ಟ್ ಬಂದಾಗಲಂತೂ ಅವರ ಬಸ್ಸು ಹತ್ತುವುದಕ್ಕೆ ಧೈರ್ಯ ಬೇಕಿತ್ತು. ಟಿಕೆಟ್ ಹರಿಯುವ ಮೊದಲೇ ವಿಚಾರಣೆ! "ಎಷ್ಟು ಬಂದವು? ಮುಂದೇನು?" ಹುಡುಗನೊಬ್ಬ ಹೆಮ್ಮೆಯಿಂದ, "ಫಸ್ಟ್ ಕ್ಲಾಸ್ ರೀ. ಲಾರಿ ಮ್ಯಾಲೆ ಕ್ಲೀನರ್ ಹೊಂಟೀನಿ" ಅಂದ.

"ಫಸ್ಟ್ ಕ್ಲಾಸಿನವ ಲಾರಿ ಗಾಜು ಒರಸಿದ್ರ ಫೇಲಾದವ ಏನ್ ಒರಸ್ಬೇಕಲೇ?"

ಬಸ್ಸೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಆ ವರ್ಷ ನಾನೂ ಪಾಸಾಗಿದ್ದೆ. ಜೊತೆಗೆ ನನ್ನ ಗೆಳತಿಯರಾದ ರತ್ನಾ, ಈರಮ್ಮ. ಮೂವರಿಗೂ ಹೊಸಪೇಟೆಯ ಕಾಲೇಜು ಸೇರುವ ಆಸೆ. ಸಂಡೂರಿನ ಬಳಿಯ ನಮ್ಮ ಹಳ್ಳಿಯಲ್ಲಿ ಗಂಡುಮಕ್ಕಳು ಪಾಸಾದರೆ ಲಾರಿ, ಹೆಣ್ಣುಮಕ್ಕಳು ಪಾಸಾದರೆ ಲಾರಿ ಇದ್ದವನ ಮನೆ! ಇಷ್ಟೇ ಆಗಿದ್ದರೆ ಗಣಿತ, ವಿಜ್ಞಾನವನ್ನೆಲ್ಲ ನಮಗೆ ಕಲಿಸಿದ್ದಾದರೂ ಯಾಕೆ? ನನಗೂ ಒಬ್ಬ ವರನನ್ನು ನೋಡಿದ್ದರು. ಅಪ್ಪ ಮಾವನೆದುರು ಅವನನ್ನು ಹೊಗಳಿದ್ದೂ ಆಯಿತು. "ಎರಡು ಟಿಪ್ಪರ್ ಅದಾವ್ರಿ ಬಾವ, ಮೂರನೇದು ಬುಕ್ ಮಾಡ್ಯಾನ."

"ಹುಡುಗಿನ ಮನುಷ್ಯಾಗ ಕೊಡ್ತೀರೋ, ಟಿಪ್ಪರಿಗೆ ಕೊಡ್ತೀರೋ? ಟಿಪ್ಪರಿಗೇ ಕೊಡೋದಾದ್ರ ಮೂರನೇದು ಬರೋತನಕ ತಡೀರಿ, ಹೊಸಾದಿರ್ತದ!"

ಅಪ್ಪ ಸೋಲುವವರಲ್ಲ. ಮೆಲ್ಲಗೆ ಒಂದೇ ಮಾತು ಹೇಳಿದರು. "ಓದಸಬಾರದಂತ ನನಗೇನು ಹಟ ಇಲ್ಲ ಬಾವ. ಆದ್ರ ನಿಮ್ಮ ಬಸ್ಸು ಸಂಜಿಕ್ಕ ಎಷ್ಟೊತ್ತಿಗೆ ಬರ್ತದಂತ ನಿಮಗಾದ್ರೂ ಗೊತ್ತೇನು? ಅಂಥಾ ಬಸ್ಸಿನಾಗ ಹೆಣ್ಣುಹುಡುಗೂರನ್ನ ಹೆಂಗ ಕಳಸ್ಲಿ?"

ನಮ್ಮ ಓದಿಗೆ ಅಡ್ಡ ನಿಂತದ್ದು ಮಾವನದೇ ಬಸ್ಸು! ಆಗ ಬಾಗಿಲಲ್ಲಿ ನಿಂತಿದ್ದ ರತ್ನಾ ಒಳಗೆ ಬಂದಳು. "ಬಸ್ ಬರ್ಲಿಲ್ಲಂದ್ರ ನಡ್ಕೊಂತ ಬರ್ತೀವ್ರಿ ಕಾಕಾ. ಮೂವರದೀವಿ. ನಡ್ಯಾಕ ನಮಗೇನು ಅಂಜಿಕಿಲ್ಲ, ಮನ್ಯಾಗ ಕುಂದ್ರಾಕ ಅಂಜಿಕಿ."

ಕೊನೆಗೆ ಅಪ್ಪ, "ಒಂದು ವರ್ಷ ನೋಡೂಣು" ಅಂದರು.

ಅರ್ಜಿ ಕೊಡುವ ಕೊನೆಯ ದಿನ ಮಾವನ ಬಸ್ಸಿನಲ್ಲೇ ಹೊರಟೆವು. ಕಾಲೇಜಿನಲ್ಲಿ ಮಧ್ಯಾಹ್ನ ಒಂದು ಗಂಟೆಯವರೆಗೆ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಿದ್ದರು. ಬೆಳಿಗ್ಗೆ ಆರಕ್ಕೇ ಹತ್ತಿದ್ದೆವು, ಹೊಸಪೇಟೆ ಇನ್ನೂ ಆರೇಳು ಕಿಲೋಮೀಟರ್ ಇರುವಾಗ ಎಲ್ಲ ನಿಂತಿತು. ಒಂದು ತಾಸಾಯಿತು, ಎರಡಾಯಿತು, ಮೂರೂ ದಾಟಿತು. ಮಾವ ಇಳಿದು ರಸ್ತೆಯ ನಡುವೆ ನಿಂತು ಸೀಟಿ ಊದತೊಡಗಿದರು. ಲಾರಿಯವನೊಬ್ಬ ತಲೆ ಹೊರಹಾಕಿ, "ನೀನೇನು ಪೊಲೀಸೇನು?" ಎಂದ.

"ಕಂಡಕ್ಟರಲೇ! ಈ ಹುಡುಗ್ಯಾರಿಗೆ ಟಿಕೆಟ್ ಹರದೀನಿ. ಹರದ ಮ್ಯಾಲೆ ಮುಟ್ಟಸಬೇಕು! ಗುಡ್ಡ ಚೀನಾಕ್ಕ ಹೋಗಾಕ ದಾರಿ ಐತಿ, ನಮ್ಮ ಮಕ್ಕಳು ಹೊಸಪೇಟಿಗೆ ಹೋಗಾಕ ದಾರಿ ಇಲ್ಲೇನು?"

ಪ್ರಶ್ನೆ ಸರಿಯಾಗಿಯೇ ಇತ್ತು. ಆದರೆ ಉತ್ತರ ಹೇಳಬೇಕಾದವರು ಯಾರೂ ಆ ರಸ್ತೆಯಲ್ಲಿ ಓಡಾಡುತ್ತಿರಲಿಲ್ಲವಲ್ಲ!

ಈರಮ್ಮ ಮಾತಾಡುವವಳೇ ಅಲ್ಲ. ಅವಳು ಓಢಣಿಯನ್ನು ಮೂಗಿಗೆ ಬಿಗಿದು ಬಸ್ಸಿನಿಂದ ಇಳಿದೇ ಬಿಟ್ಟಳು. ಹಿಂದೆ ರತ್ನಾ, ಅವಳ ಹಿಂದೆ ನಾನು. "ನಾವು ನಡೀತೀವ್ರಿ ಮಾವ" ಅಂದೆ. ಮಾವ ಒಮ್ಮೆ ನಮ್ಮನ್ನೂ ಒಮ್ಮೆ ಬಸ್ಸನ್ನೂ ನೋಡಿ, ಡ್ರೈವರಿಗೆ ಕೂಗಿದರು. "ಎಲ್ಲಾರಿಗೂ ಟಿಕೆಟ್ ಆಗ್ಯಾವ! ಚೆಕಿಂಗಿನವ್ರು ಬಂದ್ರ ಮೂರು ಪ್ಯಾಸೆಂಜರ್ ಮುಟ್ಟಸಾಕ ಹೋಗ್ಯಾನಂತ ಹೇಳ್ರಿ!"

ನಿಂತ ಲಾರಿಗಳ ಪಕ್ಕದಲ್ಲಿ ನಡೆದೆವು. ಮಾವ ಒಂದೊಂದು ಲಾರಿಯನ್ನೂ ಬಿಡದೆ ಬೈದುಕೊಂಡೇ ಬಂದರು. ಒಂದು ಕಡೆ ಮುದುಕ ಡ್ರೈವರೊಬ್ಬ ಕೆಳಗಿಳಿದು ನೀರಿನ ಕ್ಯಾನು ಚಾಚಿದ. "ಕುಡೀರವ್ವ. ಎಲ್ಲಿಗೆ ಹೊಂಟೀರಿ, ಕಾಲೇಜಿಗೇನು? ಓದ್ರಿ, ಓದ್ರಿ." ಬೈಯಬೇಕೆಂದು ತೆರೆದ ಬಾಯಿಗೆ ಮಾವ ನೀರು ಹುಯ್ದುಕೊಂಡರು! ಮುಂದಿನ ನಾಲ್ಕು ಲಾರಿಗಳಿಗೆ ಬೈಗುಳ ಮಾಫಿ.

ಕಾಲೇಜು ಮುಟ್ಟಿದಾಗ ಗುಮಾಸ್ತರು ಕಿಟಕಿ ಹಾಕುತ್ತಿದ್ದರು. ಕಾಲಿನಿಂದ ತಲೆಯವರೆಗೆ ಕೆಂಪಾಗಿದ್ದ ನಮ್ಮನ್ನು ನೋಡಿ, "ಟೈಮ್ ಆತು, ನಾಳೆ ಬರ್ರಿ" ಎಂದರು.

"ನಾಳೆ ತಗೋತೀರೇನ್ರಿ?" ಎಂದಳು ರತ್ನಾ.

"ಇಲ್ಲ. ಇವತ್ತೇ ಕಡೀ ದಿನ."

ಕೇಳಿದಿರಾ? ನಾಳೆ ಬರಬೇಕಂತೆ, ಬಂದರೆ ತೆಗೆದುಕೊಳ್ಳುವುದಿಲ್ಲವಂತೆ! ಮಾವ ಕೆರಳಿ ಮುಂದೆ ಬಂದರು. ಅವರಿಗಿಂತ ಮೊದಲು ಈರಮ್ಮ ಕಿಟಕಿಯ ಬಾಗಿಲನ್ನು ಕೈಯಿಂದ ಹಿಡಿದಳು. "ಸರ್, ನಾವು ತಡಾ ಮಾಡಿಲ್ರಿ. ಆರು ಗಂಟಿಗೇ ಬಸ್ ಹತ್ತೀವಿ. ರಸ್ತಾ ತಡಾ ಮಾಡೈತಿ. ಆ ರಸ್ತಾ ನಮ್ಮದಲ್ರಿ." ಹಿಡಿದ ಬಾಗಿಲನ್ನು ಅವಳು ಬಿಡಲಿಲ್ಲ. ಗದ್ದಲ ಕೇಳಿ ಹೊರಬಂದ ಪ್ರಿನ್ಸಿಪಾಲರು ನಮ್ಮ ಕಾಲು ನೋಡಿದರು, ಗುಮಾಸ್ತರಿಗೆ, "ತಗೊಳ್ರಿ" ಎಂದಷ್ಟೇ ಹೇಳಿದರು. ಅರ್ಜಿಯ ಮೇಲೆ ಬಿದ್ದ ಬೆರಳಿನ ಕೆಂಪು ಗುರುತುಗಳನ್ನು ಯಾರೂ ಒರೆಸಲಿಲ್ಲ.

ಬಸ್ಸು ಬಿಟ್ಟು ಹೋದದ್ದಕ್ಕೆ ಮಾವನಿಗೆ ಮೆಮೊ ಬಂತು. "ಬಸ್ಸು ನಿಂತಿತ್ತು, ನಾನು ನಡೆದೆ. ಇಬ್ಬರಲ್ಲಿ ತಪ್ಪು ಯಾರದು?" ಎಂದು ಉತ್ತರ ಬರೆದರು. ಮುಂದೆ ಈರಮ್ಮ ನರ್ಸಾದಳು, ನಾನು ಕಂಪ್ಲಿಯ ಶಾಲೆಯಲ್ಲಿ ಟೀಚರಾದೆ. ನಮ್ಮೆಲ್ಲರಿಗಿಂತ ಚುರುಕಾಗಿದ್ದ ರತ್ನಾಳಿಗೆ ಎರಡನೇ ವರ್ಷದ ನಡುವೆಯೇ ಮದುವೆ ಮಾಡಿಬಿಟ್ಟರು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವಳು ಸುಮ್ಮನೆ ಕೂರಲಿಲ್ಲ ಅನ್ನಿ. ಎರಡು ಮಕ್ಕಳಾದ ಮೇಲೆ ಹಟ ಹಿಡಿದು ಪರೀಕ್ಷೆ ಕಟ್ಟಿ ಪಾಸಾದಳು.

ಆದರೆ ಹೇಳಬೇಕಾದ್ದು ಆ ದಿನದ್ದೇ. ಅರ್ಜಿ ಕೊಟ್ಟು ತಿರುಗಿ ನೋಡಿದರೆ ಮಾವ ಇಲ್ಲ. ಹುಡುಕಿಕೊಂಡು ಹೋದರೆ, ಖಾಲಿ ತರಗತಿಯೊಂದರ ಕೊನೆಯ ಬೆಂಚಿನಲ್ಲಿ, ಮಡಿಲಲ್ಲಿ ಚೀಲ ಇಟ್ಟುಕೊಂಡು, ಬೋರ್ಡು ನೋಡುತ್ತ ಕೂತಿದ್ದರು.

"ಯಾಕ್ರಿ ಮಾವ?"

"ಏನಿಲ್ಲವ್ವ. ಹತ್ತನೇ ಕ್ಲಾಸು ಪಾಸಾದಾಗ ನಾನೂ ಇಲ್ಲಿಗೆ ಬಂದಿದ್ದೆ. ಗೇಟಿನ ಹತ್ರ ನಿಂತು ವಾಪಸ್ ಹೋದೆ. ಒಳಗ ಹೋಗಿ ಕೇಳು ಅನ್ನಾಕ ಜೊತಿಗೆ ಯಾರೂ ಇರ್ಲಿಲ್ಲ."

ನಾವು ಮೂವರೂ ಒಳಗೆ ಹೋದೆವು. ಮಾವ ಸ್ವಲ್ಪ ಸರಿದು ಜಾಗ ಮಾಡಿಕೊಟ್ಟರು. ಅದೇ ಬೆಂಚಿನಲ್ಲಿ, ಇಕ್ಕಟ್ಟಿನಲ್ಲೇ, ಅವರ ಪಕ್ಕ ಕೂತೆವು.