ಡೆಲ್ಫಾಳ ಕೌದಿಗೆ ಬಂದ ಅನುದಾನ

ಒಬ್ಬ ಗೃಹಸ್ಥ ತನ್ನ ಸ್ವಂತ ನಡುಮನೆಯಲ್ಲಿ ತನ್ನ ಸ್ವಂತ ಕುರ್ಚಿಯನ್ನು ತಲುಪಲು ಅಂಬೆಗಾಲಿಡಬೇಕಾದರೆ ಅದನ್ನು ಸಂಸಾರ ಎನ್ನಬೇಕೋ ತಪಸ್ಸು ಎನ್ನಬೇಕೋ, ಎಪ್ಪತ್ತೆರಡು ತುಂಬಿದರೂ ಎಸ್ಟಿಲ್ ಸೈಜ್‌ಮೋರ್‌ಗೆ ಬಗೆಹರಿದಿರಲಿಲ್ಲ.

ಅವನ ಹೆಂಡತಿ ಡೆಲ್ಫಾ ಕೌದಿ ಹೊಲಿಯುವವಳು. ಕೆಂಟಕಿಯ ಆ ಕಣಿವೆಯಲ್ಲಿ ಕೌದಿ ಹೊಲಿಯದ ಹೆಂಗಸಿಲ್ಲ, ನಿಜ. ಆದರೆ ಡೆಲ್ಫಾ ಕೌದಿಯನ್ನು ಬಿಗಿದು ಹೊಲಿಯುವ ಚೌಕಟ್ಟು ಅವಳ ಅಜ್ಜಿಯ ಕಾಲದ್ದು: ನಾಲ್ಕು ಓಕ್ ಪಟ್ಟಿಗಳು, ಅವನ್ನು ಸೂರಿನಿಂದ ತೂಗುಹಾಕಿದ ನಾಲ್ಕು ಹಗ್ಗಗಳು. ಹೊಲಿಯುವಾಗ ಇಳಿಸಬೇಕು, ಹೊಲಿಯದಾಗ ಎತ್ತಿ ಸೂರಿಗೆ ಕಟ್ಟಬೇಕು. (ಎತ್ತುವ ಪದ್ಧತಿ ಇತ್ತೇ ಹೊರತು ಎತ್ತುವ ಅಭ್ಯಾಸ ಇರಲಿಲ್ಲ.) ನವೆಂಬರಿನಲ್ಲಿ ಇಳಿದದ್ದು ಮಾರ್ಚ್ ಕಳೆಯುವವರೆಗೆ ಇಳಿದೇ ಇರುತ್ತಿತ್ತು. ಬ್ಯಾಸ್ಕೆಟ್‌ಬಾಲ್ ಆಟಗಳೂ ಆ ತಿಂಗಳುಗಳಲ್ಲೇ. ಚೌಕಟ್ಟಿನ ಒಂದು ಪಕ್ಕ ಟಿವಿ, ಇನ್ನೊಂದು ಪಕ್ಕ ಎಸ್ಟಿಲ್‌ನ ಕುರ್ಚಿ, ನಡುವೆ ಮಂಗಳವಾರ ಮತ್ತು ಶನಿವಾರ ಏಳು ಹೆಂಗಸರು. ಕುರ್ಚಿಗೆ ಹೋಗುವ ದಾರಿ ಚೌಕಟ್ಟಿನ ಅಡಿಯಲ್ಲೇ. ಅವರ ಪೈಕಿ ಹಿರಿಯಳು ಎಸ್ಟಿಲ್‌ನ ಸ್ವಂತ ಅಕ್ಕ ವರ್ಡಿ. ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ದೊಡ್ಡದು ಅವಳ ಹೊಲಿಗೆ. ಅವಳು ಮನೆಗೆ ಹೋದ ಮೇಲೆ ಡೆಲ್ಫಾ ಅದನ್ನೆಲ್ಲ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. (ಇದು ವರ್ಡಿಗೂ ಗೊತ್ತಿತ್ತು. ವರ್ಡಿಗೆ ಗೊತ್ತೆಂಬುದು ಡೆಲ್ಫಾಗೂ ಗೊತ್ತಿತ್ತು. ಸಂಬಂಧಗಳು ಉಳಿಯುವುದು ಹೀಗೆಯೇ.)

ಅಂಚೆ ಕಚೇರಿಯ ಗೋಡೆಯ ಮುಂದೆ ಎಸ್ಟಿಲ್‌ಗೆ ಜ್ಞಾನೋದಯವಾಯಿತು. ಕರಕುಶಲ ಮತ್ತು ಪಾರಂಪರಿಕ ಕಲಾವಿದರಿಗೆ ಉಪಕರಣ ಕೊಳ್ಳಲು ಅನುದಾನ ಕೊಡುತ್ತೇವೆ, ಅರ್ಜಿ ಹಾಕಿ, ಎಂದು ಒಂದು ಸಂಸ್ಥೆ ಚೀಟಿ ಅಂಟಿಸಿತ್ತು. ಕೌದಿ ಹೊಲಿಯುವ ದೊಡ್ಡ ಯಂತ್ರವನ್ನು ಅವನು ಒಮ್ಮೆ ಜಾತ್ರೆಗಿಂತ ಗದ್ದಲದ ಒಂದು ಅಂಗಡಿಯಲ್ಲಿ ನೋಡಿದ್ದ. ಹನ್ನೆರಡು ಅಡಿ ಉದ್ದ. ಅಷ್ಟುದ್ದದ್ದು ಈ ಮನೆಯಲ್ಲಿ ಹಿಡಿಯದು, ಚರ್ಚಿನ ಹಿಂದಿನ ಕೋಣೆಗೇ ಹೋಗಬೇಕು. ಯಂತ್ರ ಹೋದಲ್ಲಿಗೆ ಡೆಲ್ಫಾ ಹೋಗುತ್ತಾಳೆ, ಡೆಲ್ಫಾ ಹೋದಲ್ಲಿಗೆ ಏಳು ಹೆಂಗಸರು. ಚೌಕಟ್ಟು ಸೂರಿಗೆ. ಎಸ್ಟಿಲ್ ಕುರ್ಚಿಗೆ.

ಒಂದೇ ತೊಡಕು. ಅರ್ಜಿಯನ್ನು ಕಲಾವಿದೆಯೇ ಬರೆಯಬೇಕಿತ್ತು. ಎಸ್ಟಿಲ್ ಮೂರು ದಿನ ತನ್ನ ಟ್ರಕ್ಕಿನಲ್ಲಿ ಕೂತು, ತಾನೇ ಡೆಲ್ಫಾ ಎಂದು ಭಾವಿಸಿಕೊಂಡು ಬರೆದ. ಶಿಫಾರಸು ಪತ್ರಕ್ಕೆ ವರ್ಡಿಯ ಸಹಿ ಬೇಕಾಯಿತು. ಏನಿದು ಎಂದು ಅವಳು ಕೇಳಿದಳು. ಡೆಲ್ಫಾಗೆ ಒಳ್ಳೆಯದಾಗುವ ವಿಷಯ, ಬಾಯಿಬಿಡಬೇಡ, ಎಂದ. ವರ್ಡಿ ಓದದೆ ಸಹಿ ಮಾಡಿದಳು. ಅವಳ ಕನ್ನಡಕ ಮನೆಯಲ್ಲಿತ್ತು.

ಫೆಬ್ರವರಿಯಲ್ಲಿ ಸಂಸ್ಥೆಯ ಕೊರಿನ್ ಎಂಬ ಹುಡುಗಿ ಫೋನು ಮಾಡಿ, ಬುಧವಾರ ಮನೆಗೆ ಬಂದು ಕೆಲಸ ನೋಡುತ್ತೇನೆ ಎಂದಳು. ಮಂಗಳವಾರ ಸಂಜೆ, ಹೆಂಗಸರೆಲ್ಲ ಹೋದ ಮೇಲೆ, ಹೆಂಡತಿಗೆ ಮೆಲ್ಲಗೆ ಹೇಳುವುದೆಂದು ಎಸ್ಟಿಲ್ ನಿಶ್ಚಯಿಸಿದ. ಮಂಗಳವಾರ ಮಧ್ಯಾಹ್ನ ಅವನು ಕುರ್ಚಿಯ ಕಡೆಗೆ ಅಂಬೆಗಾಲಿಡುತ್ತ, ಸರಿಯಾಗಿ ಕೌದಿಯ ನಟ್ಟನಡುವಿನ ಅಡಿಯಲ್ಲಿದ್ದಾಗ ಬಾಗಿಲು ತೆರೆಯಿತು. ನಾಳೆ ಹಿಮ ಬೀಳುತ್ತದಂತೆ, ಅದಕ್ಕೆ ಇವತ್ತೇ ಬಂದೆ, ಎಂದಿತು ಕೊರಿನ್‌ಳ ದನಿ.

ಎಸ್ಟಿಲ್ ಇದ್ದಲ್ಲೇ ಸಿಕ್ಕಿಬಿದ್ದ. ಹಿಂದೆ ಹೋಗುವಂತಿಲ್ಲ, ಮುಂದೆ ಹೋಗುವಂತಿಲ್ಲ. ಸುತ್ತ ಎಂಟು ಜೊತೆ ಬೂಟುಗಳು.

ಅರ್ಜಿ ಓದಿ ನಮ್ಮ ಸಮಿತಿಯವರಿಬ್ಬರು ಅತ್ತೇಬಿಟ್ಟರು ಎಂದು ಕೊರಿನ್ ಹೇಳಿದಳು. ಯಾವ ಅರ್ಜಿ ಎಂದು ಡೆಲ್ಫಾ ಕೇಳಿದಳು. ಇದು ಕಲಾವಿದೆಯ ವಿನಯ ಎಂದುಕೊಂಡ ಕೊರಿನ್ ಕಾಗದ ಬಿಡಿಸಿ, ಎಲ್ಲರಿಗೂ ಕೇಳುವಂತೆ ಓದತೊಡಗಿದಳು.

“‘ನನ್ನ ಗಂಡ ಎಸ್ಟಿಲ್ ಸಾಧು ಮನುಷ್ಯ. ನನ್ನ ಕಸುಬಿನಿಂದ ಬಹಳ ನೊಂದಿದ್ದಾನೆ, ಆದರೆ ಒಂದು ದಿನವೂ ಬಾಯಿಬಿಟ್ಟು ಹೇಳಿದವನಲ್ಲ. ಈ ವಯಸ್ಸಿನಲ್ಲೂ ಕನ್ನಡಕವಿಲ್ಲದೆ ಪತ್ರಿಕೆ ಓದುತ್ತಾನೆ. ನೋಡಲೂ ಲಕ್ಷಣವಾಗಿದ್ದಾನೆ.’”

ಎಂಟು ಸೂಜಿಗಳು ನಿಂತವು.

“ಸಾಧು ಅಂತೆ,” ಎಂದಳು ವರ್ಡಿ. “ಇವನನ್ನ ಎತ್ತಿ ಆಡಿಸಿದೋಳು ನಾನು. ಆಗ್ಲೂ ಕಚ್ತಿದ್ದ.”

ಭೂಮಿ ಬಾಯಿಬಿಡಲಿ ಎಂದು ಎಸ್ಟಿಲ್ ಹಲಗೆಯ ನೆಲವನ್ನು ಪ್ರಾರ್ಥಿಸಿದ. ನೆಲ ಗಟ್ಟಿಯಾಗಿತ್ತು, ಅವನೇ ಹಾಸಿದ್ದು. ಕೊರಿನ್ ಮುಂದಕ್ಕೆ ಓದಿದಳು. ಆ ಭಾಗ ಬರೆದದ್ದನ್ನು ಅವನು ಮರೆತೇಬಿಟ್ಟಿದ್ದ.

“‘ನನ್ನ ಬೆರಳ ಗಂಟುಗಳು ಊದಿಕೊಂಡಿವೆ. ಬೆಳಗ್ಗೆ ಬಿಸಿನೀರಲ್ಲಿ ಕೈಯಿಟ್ಟು ಕೂತ ಮೇಲೆಯೇ ಕತ್ತರಿ ಹಿಡಿಯಲು ಬರುವುದು. ಆಗ ನಲ್ಲಿ ಬಿಟ್ಟಿರುತ್ತೇನೆ, ಪಾತ್ರೆ ತೊಳೆಯುತ್ತಿದ್ದೇನೆಂದು ಗಂಡ ತಿಳಿಯಲಿ ಅಂತ.’”

ಕೌದಿ ಹೊಲಿಯುವವರ ಒಂದು ಕೈ ಮೇಲಿದ್ದರೆ ಇನ್ನೊಂದು ಯಾವಾಗಲೂ ಕೆಳಗಿರುತ್ತದೆ, ಸೂಜಿಯ ಮೊನೆ ಬರುವುದನ್ನು ಕಾಯುತ್ತ. ಆ ಕೈ ಜೊತೆಯಲ್ಲಿ ಕೂತವರಿಗೆ ಕಾಣುವುದಿಲ್ಲ. ಅದು ಕಾಣುವುದು ಚಳಿಗಾಲವಿಡೀ ಅಡಿಯಲ್ಲಿ ತೆವಳುವವನಿಗೆ ಮಾತ್ರ. ಈಗಲೂ ಅದು ಅವನ ಮುಖದಿಂದ ಗೇಣು ದೂರದಲ್ಲೇ ಇತ್ತು, ಶುಂಠಿಯ ಬೇರಿನ ಹಾಗೆ. ನೋಡುತ್ತಿದ್ದಂತೆ ಡೆಲ್ಫಾ ಅದನ್ನು ಮಡಿಲಿಗೆ ಎಳೆದುಕೊಂಡು ಸೆರಗಿಲ್ಲದ ಅಂಗಿಯ ಮಡಿಕೆಯಲ್ಲಿ ಮುಚ್ಚಿದಳು.

“ಎಸ್ಟಿಲ್, ಹೊರಗೆ ಬಾ.”

ಬಂದ. ಮೊಣಕಾಲಿನ ಧೂಳು ಬಹಳ ಹೊತ್ತು ಒರೆಸಿಕೊಂಡ. ಡೆಲ್ಫಾ ಅವನ ಕಡೆ ನೋಡಲಿಲ್ಲ, ಬೈಯಲೂ ಇಲ್ಲ. ನಲವತ್ತೊಂಬತ್ತು ವರ್ಷದಲ್ಲಿ ಅವಳು ಬೈಯದೆ ಬಿಟ್ಟದ್ದು ಇದೇ ಮೊದಲು, ಅದೇ ಅವನನ್ನು ಹೆಚ್ಚು ಹೆದರಿಸಿತು. ಅವಳು ಕೊರಿನ್‌ಳನ್ನು ಕೇಳಿದಳು: ಆ ದುಡ್ಡಿನಲ್ಲಿ ಯಂತ್ರವನ್ನೇ ಕೊಳ್ಳಬೇಕೆಂದು ಇದೆಯೇ? ಹಾಗೇನಿಲ್ಲ, ನಿಮ್ಮ ಕೆಲಸಕ್ಕೆ ಏನು ಬೇಕೆಂದು ನಿಮಗೇ ಗೊತ್ತು, ಎಂದಳು ಕೊರಿನ್.

“ಹಾಗಾದ್ರೆ ಯಂತ್ರ ಬೇಡ ಮಗಳೇ. ಯಂತ್ರ ಬಂದ್ರೆ ಅದೊಂದೇ ಮಾತಾಡುತ್ತೆ. ನಾವು ಕೇಳ್ಕೊಂಡು ಕೂರ್ಬೇಕು.”

ಆಮೇಲೆ ಎಂಟು ಜನ ಒಟ್ಟಿಗೆ ಮಾತಾಡಿದರು. ನೆರಳು ಬೀಳದ ನಾಲ್ಕು ದೀಪ ಬೇಕು. ಗಂಟು ಹಿಡಿದ ಬೆರಳಿಗೂ ತಾನೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಬೇಕು. ಬೆನ್ನು ಕೊಡುವ ಎಂಟು ಕುರ್ಚಿ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಹೊತ್ತು ತಿನ್ನುವುದು ಹೊಲಿಗೆಯಲ್ಲ, ಸೂಜಿಗೆ ದಾರ ಪೋಣಿಸುವುದು. ವರ್ಡಿಯೊಬ್ಬಳಿಗೇ ಒಂದು ಸೂಜಿಗೆ ಕಾಲು ಗಂಟೆ. ದಾರ ಪೋಣಿಸುವ ಆಳಿಗೆ ಅನುದಾನದಲ್ಲಿ ಕೂಲಿ ಕೊಡಲು ಬರುವುದಿಲ್ಲವಲ್ಲ ಎಂದು ಕೊರಿನ್ ಪೇಚಾಡಿದಳು.

“ಕೂಲಿ ಯಾರು ಕೇಳಿದ್ರು?” ಎಂದಳು ಡೆಲ್ಫಾ. “ಕನ್ನಡಕ ಇಲ್ದೆ ಪತ್ರಿಕೆ ಓದೋ ಸಾಧು ಮನುಷ್ಯ ಮನೇಲೇ ಇದ್ದಾನೆ.”

ಅನುದಾನ ಬಂತು. ಕುರ್ಚಿಗಳು ಬಂದವು, ಎಸ್ಟಿಲ್‌ನ ಕುರ್ಚಿ ಜಗಲಿಗೆ ಹೋಯಿತು. ದೀಪಗಳು ಬಂದವು, ಪ್ಲಗ್ಗು ಸಾಲದೆ ಟಿವಿಯ ತಂತಿ ಕಿತ್ತರು. ಎಸ್ಟಿಲ್ ಮಂಗಳವಾರ ಮತ್ತು ಶನಿವಾರ ಒಂದು ಮೊಳೆ ಕಿತ್ತ ಸ್ಟೂಲಿನ ಮೇಲೆ ಕೂತು, ಎಂಟು ಸೂಜಿಗಳಿಗೆ ಸರದಿಯಂತೆ ದಾರ ಪೋಣಿಸಿದ. ಬೆಳಗ್ಗೆ ನಲ್ಲಿಯ ಸದ್ದು ನಿಂತಿತ್ತು. ಡೆಲ್ಫಾ ಈಗ ಅವನ ಎದುರಿಗೇ, ಅಡುಗೆಮನೆಯ ಮೇಜಿನ ಮೇಲೆ ಬಿಸಿನೀರಿನ ಬೋಗುಣಿ ಇಟ್ಟುಕೊಂಡು ಕೂರುತ್ತಿದ್ದಳು. ನೀರು ಆರಿದರೆ ಅವನು ಎದ್ದು ಕೆಟಲಿನಿಂದ ಸುರಿಯುತ್ತಿದ್ದ.

ವರ್ಷ ಮುಗಿದಾಗ ಸಂಸ್ಥೆಗೆ ವರದಿ ಕಳಿಸಬೇಕಿತ್ತು: ಬಳಕೆಯಲ್ಲಿರುವ ಉಪಕರಣಗಳು ಮತ್ತು ಅವುಗಳ ಸ್ಥಿತಿ. ಈ ಸಲ ಡೆಲ್ಫಾ ತಾನೇ ಬರೆದು, ಹೆಂಗಸರ ಮುಂದೆ ಓದಿದಳು. ದೀಪ ನಾಲ್ಕು, ಚೆನ್ನಾಗಿವೆ. ಕತ್ತರಿ, ಚೆನ್ನಾಗಿವೆ. ಕುರ್ಚಿ ಎಂಟು, ಒಂದರ ಕಾಲು ಅಲ್ಲಾಡುತ್ತದೆ. ದಾರ ಪೋಣಿಸುವ ಸಾಧನ ಒಂದು, ಹಳೆಯದು, ಕೆಲಸ ಮಾಡುವಾಗ ಗೊಣಗುತ್ತದೆ, ಉಳಿದಂತೆ ಸುಸ್ಥಿತಿ.

ಎಸ್ಟಿಲ್ ದಿಗ್ಭ್ರಮೆಗೊಂಡ. ‘ಹಳೆಯದು’ ಎಂಬುದನ್ನಾದರೂ ತೆಗೆಯಬೇಕೆಂದು ಬೇಡಿಕೊಂಡ. ವರ್ಡಿ ಮತಕ್ಕೆ ಹಾಕೋಣ ಎಂದಳು. ಅವನು ಸೋತ.

ಹತ್ತು ದಿನದ ಮೇಲೆ ಕೊರಿನ್ ಫೋನು ಮಾಡಿದಳು. ಗುಡ್ಡದ ಆಚೆ ಬದಿಯ ಕೌದಿಯವರಿಗೂ ಅಂಥ ಸಾಧನ ಬೇಕಂತೆ, ಅನುದಾನದಲ್ಲಿ ಎಲ್ಲೂ ಸಿಗುತ್ತಿಲ್ಲವಂತೆ, ವಾರಕ್ಕೊಂದು ದಿನ ಎರವಲು ಸಿಕ್ಕೀತೇ ಎಂದು ಕೇಳುತ್ತಿದ್ದಾರಂತೆ.

ಡೆಲ್ಫಾ ಫೋನು ಕಿವಿಯಲ್ಲೇ ಇಟ್ಟುಕೊಂಡು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು, ದಾರಿಯ ಕುಲುಕಾಟ ತಡೆದೀತೇ ಎಂದು ಅಳೆಯುವವಳಂತೆ.

“ಗುರುವಾರ ಖಾಲಿ ಇದೆ ಮಗಳೇ,” ಎಂದಳು. “ಬಂದು ತಗೊಂಡು ಹೋಗ್ಲಿ. ಮಧ್ಯಾಹ್ನ ಊಟ ಹಾಕ್ಬೇಕು, ಕತ್ತಲಾಗೋದ್ರೊಳಗೆ ವಾಪಸ್ ತಂದುಬಿಡ್ಬೇಕು. ನನ್ನ ಹತ್ರ ಇರೋದು ಒಂದೇ.”