ನನ್ನ ಪಿಕಪ್ಪಿನ ಫಿಲ್ಟರು ಮತ್ತು ಅಣ್ಣನ ಕೈ

ಸೀನುವುದು ನಮ್ಮ ಮನೆತನಕ್ಕೆ ಹಿರಿಯರಿಂದ ಬಂದ ಆಸ್ತಿ. ಹೊಲ ಪಾಲಾಯಿತು, ಮನೆ ಪಾಲಾಯಿತು, ಹಿತ್ತಲಿನ ನುಗ್ಗೆ ಗಿಡದ ಟೊಂಗೆಗಳು ಕೂಡ ಪಾಲಾದವು. ಸೀನು ಮಾತ್ರ ತುಂಡಾಗದೆ ಎಲ್ಲರಿಗೂ ಇಡಿಯಾಗಿ ಬಂತು. ನಮ್ಮಪ್ಪ ಸೀನಿದರೆ ಓಣಿಯ ನಾಯಿಗಳು ಎದ್ದು ಜಾಗ ಬದಲಿಸುತ್ತಿದ್ದವು. ಅಣ್ಣ ಸೀನುವುದು ಒಂದೇ ಸಲ, ಆದರೆ ಘನವಾಗಿ. ನಾನು ಶುರು ಮಾಡಿದರೆ ನಿಲ್ಲಿಸಲು ಬಾರದವನು. ಇಂಥವನು ಅಕ್ಕೋಳದಲ್ಲಿ ಹುಟ್ಟಿ, ಹೊಟ್ಟೆಪಾಡಿಗೆ ಪಿಕಪ್ ಇಟ್ಟುಕೊಂಡು, ನಿಪ್ಪಾಣಿಯ ಗೋದಾಮುಗಳಿಗೆ ತಂಬಾಕಿನ ಚೀಲ ಹೊರುವ ಕಸುಬು ಹಿಡಿದದ್ದನ್ನು ವಿಧಿಯ ಕುಚೇಷ್ಟೆ ಎನ್ನಬೇಕೋ, ನನ್ನ ದಡ್ಡತನ ಎನ್ನಬೇಕೋ ತಿಳಿಯದು. ತಂಬಾಕಿನ ಘಾಟು ಎಂದರೆ ಸಾಮಾನ್ಯದ್ದಲ್ಲ. ಎಸಿ ಹಚ್ಚಿದರೆ ತಂಪಿನ ಜೊತೆಗೆ ಅದೂ ಬಂದು ಮೂಗಿಗೆ ಅಡರುತ್ತಿತ್ತು. ಸೀನುವಾಗ ಕಣ್ಣು ಮುಚ್ಚುತ್ತದೆ, ಗಾಡಿ ಮಾತ್ರ ಓಡುತ್ತಲೇ ಇರುತ್ತದೆ. ಆಗ ಅದು ಎಲ್ಲೆಲ್ಲಿ ಹೋಗಿಬರುತ್ತದೆ ಎಂಬುದು ದೇವರಿಗೆ ಗೊತ್ತು. ಬದಿಗೆ ಕೂತ ಹೆಂಡತಿಗೂ ಗೊತ್ತು, ಅವಳು ಮನೆ ಮುಟ್ಟುವವರೆಗೂ ಅದನ್ನೇ ಹೇಳುತ್ತಿರುತ್ತಾಳೆ.

ಫಿಲ್ಟರಿನ ಕಥೆಗೆ ಬರುವ ಮೊದಲು ನಮ್ಮ ಕಡೆಯ ಒಂದು ರೂಢಿ ಹೇಳಬೇಕು. ಪಿಕಪ್ ಇದ್ದವನಿಗೆ ರಸ್ತೆಯ ಬದಿ ಯಾರೇ ಕೈ ಮಾಡಲಿ, ಗಾಡಿ ನಿಲ್ಲಿಸಲೇಬೇಕು. ಅವನು ನಿಮ್ಮ ಮೇಲೆ ಕೋರ್ಟಿಗೆ ಹೋದವನಾಗಿದ್ದರೂ ಸರಿ. ಹತ್ತಿಸಿಕೊಂಡ ಮೇಲೆ ಜಗಳದ ಮಾತು ಎತ್ತುವಂತಿಲ್ಲ. ಎಮ್ಮೆಯೊಂದರ ಸಲುವಾಗಿ ಮುಖ ನೋಡುವುದನ್ನೇ ಬಿಟ್ಟಿದ್ದ ಇಬ್ಬರು ಒಮ್ಮೆ ನನ್ನ ಕ್ಯಾಬಿನ್ನಿನಲ್ಲಿ ಸಿಕ್ಕಿಬಿದ್ದರು. ಗೇರಿನ ಕೋಲು ಮೊಣಕಾಲಿಗೆ ಬಡಿಯುವ ಆ ಇಕ್ಕಟ್ಟಿನಲ್ಲಿ ಎಷ್ಟು ಹೊತ್ತೆಂದು ಮುಖ ತಿರುಗಿಸಿಕೊಂಡು ಕೂರಲಾದೀತು? ನಿಪ್ಪಾಣಿ ಬರುವಷ್ಟರಲ್ಲಿ ಒಬ್ಬರ ಎಲೆಚೀಲಕ್ಕೆ ಇನ್ನೊಬ್ಬರು ಕೈ ಹಾಕಿದ್ದರು.

ಅಂದಿನಿಂದ ನನಗೊಂದು ಆಸೆ ಹುಟ್ಟಿತು. ನನ್ನ ಅಣ್ಣನೂ ಹಾಗೆ ಒಮ್ಮೆ ಕೈ ಮಾಡಬಾರದೇ ಎಂದು. ಅವನ ಮಗನ ಲಗ್ನದಲ್ಲಿ ಬೀಗರನ್ನು ಕರೆತರುವ ಕೆಲಸ ನನ್ನದಾಗಿತ್ತು. ದಾರಿಯಲ್ಲಿ ಟಾಯರು ಪಂಕ್ಚರಾಗಿ, ಬೀಗರು ರಸ್ತೆ ಬದಿಯ ಬೇವಿನ ನೆರಳಲ್ಲಿ ಕೂರಬೇಕಾಯಿತು. ಮಂಟಪ ಮುಟ್ಟಿದಾಗ ಅಣ್ಣ ಎಲ್ಲರೆದುರು, "ನಿನ್ನ ಗಾಡಿ ಇಲ್ಲಂದ್ರೂ ಈ ಲಗ್ನ ಆಗ್ತಿತ್ತು" ಅಂದ. ನಾನು ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. "ಹಂಗಾರ ನಾನೂ ಇಲ್ಲಂದ್ರ ಆಗ್ತಿತ್ತು ಬಿಡು" ಅಂದುಬಿಟ್ಟೆ. ಅವನು, "ಇನ್ನ ನಿನ್ನ ಗಾಡ್ಯಾಗ ಕಾಲಿಡಂಗಿಲ್ಲ" ಅಂದ. ಅಲ್ಲಿಗೆ ಅಣ್ಣ ತಮ್ಮಂದಿರ ಮಾತು ನಿಂತಿತು. ನನ್ನ ಜೊತೆ ಇರುವ ಅವ್ವ ದಿನಕ್ಕೊಮ್ಮೆ ಅವನ ಮನೆಗೂ ಹೋಗಿಬರುತ್ತಾಳೆ. ಆದರೆ, "ನನ್ನ ಕೈಲಿ ನಿಮ್ಮ ಮಾತ ಹೊರಸಬ್ಯಾಡ್ರಿ, ನಾ ಏನ ಪೋಸ್ಟಮನ್ ಅಲ್ಲ" ಎಂದು ಮೊದಲೇ ಹೇಳಿಬಿಟ್ಟಿದ್ದಳು. ಅವನ ಮನೆಗೆ ನಾನಾಗಿ ಹೋಗಲು ಕಾಲು ಏಳುವುದಿಲ್ಲ. ನನ್ನ ಮನೆಗೆ ಬರಲು ಅವನಿಗೆ ಮೀಸೆ ಅಡ್ಡ. ಉಳಿದದ್ದು ರಸ್ತೆಯೊಂದೇ. ಅವನ ಹೊಲವೂ ನಿಪ್ಪಾಣಿ ರಸ್ತೆಗೇ ಹತ್ತಿಕೊಂಡಿದೆ. ಅಲ್ಲಿ ಬಂದಾಗಲೆಲ್ಲ ಗಾಡಿ ನಿಧಾನ ಮಾಡುತ್ತಿದ್ದೆ, ಗಾಜು ಇಳಿಸಿಯೇ ಇರುತ್ತಿತ್ತು. ಅವನು ಕೈ ಮಾಡುತ್ತಿರಲಿಲ್ಲ. ಆದರೆ ಗಾಡಿ ದಾಟುವವರೆಗೆ ಕೆಲಸ ಬಿಟ್ಟು ನಿಲ್ಲುತ್ತಿದ್ದ. ಅಷ್ಟರ ಮೇಲೆಯೇ ನಾನು ದಿನ ದೂಡುತ್ತಿದ್ದೆ.

ಇಂಥ ಹೊತ್ತಿನಲ್ಲಿ ನನಗೆ ಫಿಲ್ಟರಿನ ಬುದ್ಧಿ ಬಂತು. ನಿಪ್ಪಾಣಿಯ ಮೆಕ್ಯಾನಿಕ್ ದಸ್ತಗೀರ ನನ್ನ ಸೀನು ಕೇಳಿ ಕೇಳಿ ಬೇಸತ್ತು, ಡ್ಯಾಶ್‌ಬೋರ್ಡಿನ ಎಡಗಡೆಯ ಡಬ್ಬಿ ಬಿಚ್ಚಿ ಒಳಗೆ ಬ್ಯಾಟರಿಯ ಬೆಳಕು ಬಿಟ್ಟು ತೋರಿಸಿದ. "ನೋಡ್ರಿ ಮಾಮಾ, ಗಾಳಿ ಸೋಸೂ ಫಿಲ್ಟರಿಗೆ ಇಲ್ಲೆ ಜಾಗಾ ಮಾಡ್ಯಾರ, ಫಿಲ್ಟರ್ ಹಾಕಿಲ್ಲ. ಒಂದ ತಂದ ಕೂಡಸೂಣು." ಗೋಡೆಯಲ್ಲಿ ಗೂಡು ಮಾಡಿ ದೀಪ ಇಡಲು ಮರೆತಂತೆ ಅಲ್ಲಿ ಖಾಲಿ ಸಂದೊಂದಿತ್ತು. ಇಷ್ಟು ವರ್ಷ ತಂಬಾಕಿನ ಧೂಳೆಲ್ಲ ಆ ಸಂದಿನಿಂದಲೇ ನನ್ನ ಮೂಗಿಗೆ ದಾರಿ ಮಾಡಿಕೊಂಡಿತ್ತೆಂದು ತಿಳಿದು ಸಿಟ್ಟು ಬಂತು. ಮರುವಾರವೇ ಫಿಲ್ಟರು ತರಿಸಿದೆ. ಬಿಳಿಯ ಬಟ್ಟೆಯನ್ನು ನೆರಿಗೆ ಹಿಡಿದು ಚೌಕಟ್ಟಿನಲ್ಲಿ ಕೂರಿಸಿದಂತಿದ್ದ ಒಂದು ಪಾಟಿ, ಅಷ್ಟೇ.

ಅದನ್ನು ಕೂರಿಸಲು ನಿಪ್ಪಾಣಿಗೆ ಹೋದ ದಿನ, ಕಣ್ಣಿಗೆ ಚಾಳೀಸು ಮಾಡಿಸಲೆಂದು ಅವ್ವನೂ ಜೊತೆಗೆ ಬಂದಿದ್ದಳು. ನಾನು, ದಸ್ತಗೀರ ಚಹಾ ಕುಡಿದು ಬರುವಷ್ಟರಲ್ಲಿ ಫಿಲ್ಟರನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನ ಗಂಟು ಬಿಚ್ಚಿ, ಒಂದೊಂದು ನೆರಿಗೆಗೂ ಭಂಡಾರ ತುಂಬಿದ್ದಳು. ನಮ್ಮಲ್ಲಿ ಬೀರದೇವರ ಭಂಡಾರವೆಂದರೆ ಅರಿಶಿನವೇ. ಗಾಡಿಗೆ ಹೊಸ ಸಾಮಾನು ಹಾಕಿಸಿ ಭಂಡಾರ ಹಚ್ಚದೆ ಬಿಟ್ಟರೆ ಅವ್ವನಿಗೆ ಊಟ ಸೇರುವುದಿಲ್ಲ. ಟಾಯರಿಗೆ ಹಚ್ಚಿದಳು, ಬ್ಯಾಟರಿಗೆ ಹಚ್ಚಿದಳು, ಅವು ಸುಮ್ಮನೆ ಹಚ್ಚಿಸಿಕೊಂಡಿದ್ದವು. ಫಿಲ್ಟರು ಹಾಗಲ್ಲವೆಂದು ಯಾರಿಗೆ ಗೊತ್ತಿತ್ತು. ದಸ್ತಗೀರ ಹೊಸ ಸಾಮಾನಿನ ಬಣ್ಣವೇ ಹಾಗೆಂದು ತಿಳಿದು ಕೂರಿಸಿದ. ನಾನು ಗಾಜು ಏರಿಸಿ, ಬ್ಲೋವರನ್ನು ಜೋರಿಗೆ ತಿರುಗಿಸಿದೆ. ಒಂದೇ ಗಳಿಗೆಯಲ್ಲಿ ಮೂವರೂ ಅರಿಶಿನದ ಮದುಮಕ್ಕಳಂತಾದೆವು. ನನಗೆ ಹತ್ತಿದ ಸೀನು ಊರು ಮುಟ್ಟಿದರೂ ಬಿಡಲಿಲ್ಲ. ಅವ್ವ ಮಾತ್ರ ಅಲ್ಲೇ ಕೂತು ಸಮಾಧಾನದಿಂದ, "ದೇವ್ರು ಒಪ್ಪಿದಾ" ಅಂದಳು. ದಸ್ತಗೀರನೂ ಹಳದಿ ಮೀಸೆ ಒರೆಸಿಕೊಳ್ಳುತ್ತ, "ಹೌದ್ರಿ ಅವ್ವಾ, ಭಾಳ ಒಪ್ಪ್ಯಾನ" ಅಂದ.

ಭಂಡಾರ ತೀರಿದ ಮೇಲೆ ಫಿಲ್ಟರು ತನ್ನ ಕೆಲಸ ಮಾಡಿತು. ಗೋದಾಮಿನ ಎದುರು ನಿಂತರೂ ಒಳಗೆ ಘಾಟಿಲ್ಲ. ಹುಟ್ಟಿದಾಗಿನಿಂದ ಕಾಣದ ಸುಖ. ಸುಖ ಸಿಕ್ಕಿದವನಿಗೆ ಅದನ್ನು ಕಾಯುವ ಚಟ ಬರುತ್ತದೆ. ಗಾಜು ಇಳಿಸುವುದನ್ನು ನಿಷೇಧಿಸಿದೆ. ಅವ್ವ ಎಲೆಯಡಿಕೆ ಉಗುಳಲು, ಹೆಂಡತಿ ಶೇಂಗಾ ಸಿಪ್ಪೆ ಒಗೆಯಲು ನನ್ನ ಅಪ್ಪಣೆ ಕೇಳಬೇಕಾಯಿತು. "ಫಿಲ್ಟರ್ ನಮ್ಮ ಸಲುವಾಗಿ ಐತೋ, ಫಿಲ್ಟರ್ ಸಲುವಾಗಿ ನಾವ್ ಅದೀವೋ?" ಎಂದು ಹೆಂಡತಿ ಕೇಳಿದಳು. ನಾನು ಉತ್ತರವಾಗಿ ರೇಡಿಯೋದ ದನಿ ಏರಿಸಿದೆ. ರಸ್ತೆಯ ಜನ ಬಾಯಿ ಆಡಿಸುವುದು ಕಾಣುತ್ತಿತ್ತು, ಏನೆಂದು ಕೇಳಿಸುತ್ತಿರಲಿಲ್ಲ. ನಾನೂ ತಲೆಯಾಡಿಸಿ ಮುಂದೆ ಹೋಗುತ್ತಿದ್ದೆ. ದೊಡ್ಡ ಮನುಷ್ಯರು ಹೀಗೆಯೇ ಇರುತ್ತಾರೆಂದು ಒಳಗೊಳಗೆ ಖುಷಿಯೂ ಇತ್ತು. ಈಗ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಅಣ್ಣನ ಹೊಲದ ಮುಂದಿನ ತಿರುವಿನಲ್ಲಿ ಮಾರುತಿಯ ಚಹಾದಂಗಡಿ ಇದೆ. ಒಂದು ದಿನ ನಿಪ್ಪಾಣಿಯಿಂದ ವಾಪಸು ಬರುತ್ತ ಅಲ್ಲಿ ಇಳಿದೆ. ಮಾರುತಿ ಚಹಾ ಕೊಡುತ್ತ ಕೇಳಿದ. "ಕಾಕಾ, ಮುಂಜಾನೆ ನಿಮ್ಮಣ್ಣಾರ ಮ್ಯಾಲ ಅಷ್ಟ ಸಿಟ್ಟ ಯಾಕ್ರಿ?"

"ನಾ ಏನ ಮಾಡೇನೋ?"

"ಅವರ ಗಾಡಿ ಕೆಟ್ಟಿತ್ರಿ. ನಿಪ್ಪಾಣಿಗೆ ಹೋಗಾಕ ಇಲ್ಲೇ ನಿಂತಿದ್ರು. ನಿಮ್ಮ ಗಾಡಿ ಕಂಡ ಕೂಡ್ಲೇ ಮುಂದ ಬಂದ ಕೈ ಮಾಡಿದ್ರು. 'ತಮ್ಮಾ' ಅಂತ ಒದರಿದ್ರೂ ಒದರಿದ್ರು. ನೀವ್ ನಿಂದರಲೇ ಇಲ್ಲ."

ಚಹಾ ಬದಿಗಿಟ್ಟೆ. ಮುಂಜಾನೆ ಆ ತಿರುವಿನಲ್ಲಿ ನಾನೇನು ಮಾಡುತ್ತಿದ್ದೆ ಎಂದು ನೆನಪಾಯಿತು. ರೇಡಿಯೋ ಹಚ್ಚಿ, ಎಸಿಯ ಜಾಳಿಗೆಗೆ ಮೂಗು ಕೊಟ್ಟು, ಚೊಕ್ಕ ಗಾಳಿಯನ್ನು ಕಣ್ಣು ಅರೆಮುಚ್ಚಿ ಸವಿಯುತ್ತಿದ್ದೆ. ಅಣ್ಣ ಆಮೇಲೆ ಏನು ಮಾಡಿದ ಎಂದು ಕೇಳುವ ಧೈರ್ಯ ಇರಲಿಲ್ಲ. ಮಾರುತಿ ತಾನೇ ಹೇಳಿದ. "ಅಂಗಡ್ಯಾಗ ಮಂದಿ ಇದ್ರಲ್ರಿ, ಎತ್ತಿದ ಕೈಲೆ ರುಮಾಲ ಸರಿ ಮಾಡ್ಕೊಂಡ್ರು. ಆಮ್ಯಾಲ ನಡಕೋತ ಹೋದ್ರು."

ಅಣ್ಣ ನನ್ನನ್ನು ಬಯ್ದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ಮಂಟಪದಲ್ಲಿ ಆಡಿದ ಮಾತನ್ನು ನುಂಗಿ, ನನ್ನ ಗಾಡಿಗೆಂದು ಎತ್ತಿದ ಕೈಯನ್ನು ಅವನು ಜನರ ಕಣ್ಣು ತಪ್ಪಿಸಿ ರುಮಾಲಿಗೆ ಒಯ್ದನಲ್ಲ, ಅದು ನನಗೆ ತಡೆಯಲಾಗಲಿಲ್ಲ. ಮರುದಿನದಿಂದ ಗಾಜು ಇಳಿಸಿದೆ, ರೇಡಿಯೋ ಬಂದ್ ಮಾಡಿದೆ, ಸೀನುತ್ತಲೇ ಅವನ ಹೊಲದ ಮುಂದೆ ಆಮೆಯಂತೆ ಗಾಡಿ ಬಿಟ್ಟೆ. ಈಗ ಅವನು ಕೆಲಸ ಬಿಟ್ಟು ನಿಲ್ಲುವುದೂ ಇಲ್ಲ, ಬೆನ್ನು ಹಾಕಿ ಕಬ್ಬಿನೊಳಗೆ ಹೋಗುತ್ತಾನೆ. ಅವ್ವನಿಗೆ, "ನನಗ ಕಂಡಿಲ್ಲ, ಕೇಳಿಲ್ಲ ಅಂತ ಅವಗ ಹೇಳ" ಎಂದು ಬೇಡಿಕೊಂಡೆ. ಅವಳು, "ಕೈ ಅವಾ ಮಾಡ್ಯಾನ, ಬಾಯಿ ನೀ ಬಿಡು" ಅಂದಳು.

ಕೊನೆಗೆ ಗಟ್ಟಿ ಮನಸ್ಸು ಮಾಡಿದೆ. ಮೊನ್ನೆ ಅಣ್ಣ ಚಹಾದಂಗಡಿಯ ಬಾಕಿನ ಮೇಲೆ ಕೂತಿದ್ದ. ಗಾಡಿಯನ್ನು ಅವನ ಮಗ್ಗುಲಿಗೇ ತಂದು ನಿಲ್ಲಿಸಿದೆ. "ಅಣ್ಣಾ, ಹತ್ತು" ಎಂಬ ಎರಡೇ ಮಾತು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. "ಅಣ್" ಎನ್ನುವಷ್ಟರಲ್ಲಿ ಹಿಂದಿನ ಚೀಲಗಳ ಘಾಟು ಬಂದು ಬಡಿಯಿತು. ಶುರುವಾದದ್ದು ನಿಲ್ಲಲೊಲ್ಲದು. ಕಣ್ಣಲ್ಲಿ, ಮೂಗಲ್ಲಿ ನೀರು. ಅಣ್ಣ ನನ್ನ ಕಡೆ ನೋಡಲಿಲ್ಲ. ಮಾತು ಬಿಟ್ಟವರು ನಮ್ಮಲ್ಲಿ ಮೂರನೆಯವರ ಮೂಲಕ ಮಾತಾಡುತ್ತಾರೆ. "ಮಾರುತಿ, ಅವಗ ಗಾಡೀ ಕಾಚ ಏರಸ್ಕೊ ಅನ್ನು. ಧೂಳಾಗ ಕುಂತ ಸಾಯಾಕತ್ತಾನ" ಅಂದ.

ನಾನು ಪೂರಾ ಕೇಳಿಸಿಕೊಂಡಿದ್ದರೂ ಮಾರುತಿ ನಿಷ್ಠೆಯಿಂದ ಮುಟ್ಟಿಸಿದ. "ಕಾಚ ಏರಸ್ಕೋಬೇಕಂತ್ರಿ ಕಾಕಾ."

ಚಿಕ್ಕಂದಿನಿಂದ ಅಣ್ಣ ಹೇಳಿದ್ದಕ್ಕೆ ಎದುರಾಡಿ ನನಗೆ ರೂಢಿಯಿಲ್ಲ. ಲಗ್ನದ ದಿನ ಒಮ್ಮೆ ಎದುರಾಡಿ ಏನಾಯಿತೆಂದು ನೀವೂ ಕೇಳಿದ್ದೀರಿ. ಕೈ ತಾನಾಗಿ ಹಿಡಿಕೆಗೆ ಹೋಗಿ ಗಾಜು ಏರಿತು. ಹಿಂದೆ ಕಬ್ಬಿನ ಟ್ರ್ಯಾಕ್ಟರಿನವನು ಹಾರ್ನ್ ಹೊಡೆದ, ಗಾಡಿ ಮುಂದಕ್ಕೆ ಹೋಯಿತು. ತಿರುವು ದಾಟಿ, ಸೀನು ನಿಂತು, ಕಣ್ಣು ಒರೆಸಿಕೊಂಡ ಮೇಲೆ ನನಗೆ ಹೊಳೆಯಿತು. ಅಣ್ಣ ಗಾಜು ಏರಿಸು ಅಂದಿದ್ದ, ಹೋಗು ಅಂದಿರಲಿಲ್ಲ.