ಕನ್ನಡಕ ಮರೆತ ವಂಶ

ಆ ಮನೆಯಲ್ಲಿ ಅಪ್ಪ ಮಗಳಲ್ಲಿ ಕೇಳಬೇಕಾದ ಒಂದು ಕ್ಷಮೆ ಇನ್ನೂ ಬಾಕಿ ಇದೆ.

ಅಪ್ಪ ಬಸ್ಸು ಓಡಿಸುವವನು, ಡಿಪೋ ಸಂಘದ ಮುಖಂಡ. ಮೈಕಿಲ್ಲದೆಯೇ ಗೇಟಿನಾಚೆಗೂ ಕೇಳುವಂತೆ ಗುಡುಗುವುದರಿಂದ ಅವನ ಅಡ್ಡಹೆಸರೇ ಮೈಕು. ಚೀಟಿ ನೋಡಿ ಮಾತಾಡುವವನು ಮುಖಂಡನೇ ಅಲ್ಲ ಎಂಬುದು ಅವನ ಘನ ಸಿದ್ಧಾಂತ. ಬೆಳಗಿನ ಪೇಪರನ್ನೂ ಹೆಂಡತಿಯೇ ಓದಿ ಹೇಳಬೇಕು. ಇವನು ಕಾಲ ಮೇಲೆ ಕಾಲು ಹಾಕಿ ಚಹಾ ಹೀರುತ್ತ ಆಲಿಸಬೇಕು. (ಅವನಪ್ಪನೂ ಹೀಗೇ ಓದಿಸಿಕೊಳ್ಳುತ್ತಿದ್ದ. ವಂಶದ ಗತ್ತು.)

ಇಂಥವನ ಮಗಳಿಗೆ ಓದು ಹತ್ತಲಿಲ್ಲ. "ಒಂದು ಪುಟ ತಡವರಿಸದೆ ಓದು, ಆಮೇಲೆ ಸೈಕಲ್ಲು" ಎಂದು ಮೈಕು ಅವಳ ಸೈಕಲ್ಲಿಗೆ ಬೀಗ ಜಡಿದು ಕೀಲಿಯನ್ನು ಜೇಬಿಗಿಳಿಸಿದ. ಬಿಟ್ಟರೆ ಸೈಕಲ್ಲಿನ ಮೇಲೇ ಮಲಗುವ ಹುಡುಗಿ ಊಟ ಬಿಟ್ಟಳು. ಹೆಂಡತಿ ಅವಳನ್ನು ಡಾಕ್ಟರಿಗೆ ತೋರಿಸಿಕೊಂಡು ಬಂದಳು.

"ಸೋಮಾರಿತನ ಅಲ್ವಂತೆ ರೀ. ಡಿಸ್ಲೆಕ್ಸಿಯಾ ಅಂತೆ, ಅಕ್ಷರ ಓದೋದೇ ಕಷ್ಟ ಆಗುತ್ತಂತೆ. ಬುದ್ಧಿ ಚುರುಕಾಗೇ ಇದೆ, ಕಲಿಸೋ ರೀತಿ ಬೇರೆ ಬೇಕಂತೆ. ಎಷ್ಟೋ ಸಲ ವಂಶದಲ್ಲೇ ಇಳಿದು ಬರುತ್ತಂತೆ."

"ಹಾಗಾದ್ರೆ ನಿನ್ನ ತಮ್ಮನ ಕಡೆಯಿಂದಾನೇ. ಸದಾ ಹೊಲಿಗೆ ಮೆಷಿನ್ನಿಗೆ ಅಂಟ್ಕೊಂಡಿರ್ತಾನೆ. ಅವನ ಕೈಲಿ ಪುಸ್ತಕ ನೋಡಿದೀಯಾ?"

"ನಿಮ್ಮ ಕೈಲಿ ನೋಡಿದೀನಾ?"

"ಅದು ಬಿಡು. ಭಾನುವಾರ ಕರಿ ಅವನನ್ನ. ಎಲ್ರೆದುರು ಓದ್ಲಿ, ಇತ್ಯರ್ಥ ಆಗ್ಲಿ."

"ಆಗ್ಲಿ. ನಿಮ್ಮ ಕಡೆಯಿಂದ ಬಂದಿದ್ರೆ ಕೀಲಿ ಕೊಡ್ಬೇಕು, ಮಗಳಿಗೆ ತಪ್ಪಾಯ್ತು ಅನ್ಬೇಕು."

"ಒಪ್ಪಿದೆ."

ಭಾನುವಾರ ದರ್ಜಿ ಭಾವಮೈದ ಕೊರಳಲ್ಲಿ ಅಳತೆ ಟೇಪಿನ ಸಮೇತ ಬಂದ. ಪೇಪರು ತೆಗೆದುಕೊಂಡು ಮೊದಲ ಪುಟ ಗಡಗಡ ಓದಿ, "ಸಾಕಾ ಭಾವ?" ಎಂದ.

"ಈಗ ನೀನು ಓದು, ಅಪ್ಪ," ಎಂದಳು ಮಗಳು.

"ಕನ್ನಡಕ ಡಿಪೋದಲ್ಲಿ ಮರೆತು ಬಂದೆ."

"ಮದುವೆ ಆದಾಗಿಂದ ಮರೀತಾನೇ ಇದೀರಿ," ಎಂದು ಹೆಂಡತಿ ತನ್ನ ಬ್ಯಾಗಿನಿಂದ ಅವನದೇ ಕನ್ನಡಕ ತೆಗೆದು ಅವನ ಮೂಗಿಗೇರಿಸಿದಳು.

ಕೈಗೆ ಬಂದ ಪುಟದಲ್ಲಿ ತೋಳೆತ್ತಿ ನಿಂತ ಗಂಡಸಿನ ಚಿತ್ರವಿತ್ತು. ಮೈಕಿಗೆ ಜೀವ ಬಂತು. "ಬೇಡಿಕೆ ಈಡೇರುವ ತನಕ ಹೋರಾಟ ನಿಲ್ಲದು ಎಂದು ಕಾರ್ಮಿಕ ಮುಖಂಡರು ಗುಡುಗಿದರು" ಎಂದು ಶುರುವಾದವನು ಎಲ್ಲರ ಚಹಾ ಆರಿದರೂ ನಿಲ್ಲಿಸಲಿಲ್ಲ. ಆಡಳಿತ ಮಂಡಳಿ ನಡುಗಿತು, ಸರ್ಕಾರ ಬೆವರಿತು.

"ಭಾವ," ದರ್ಜಿ ಮೆಲ್ಲಗೆ ಹೇಳಿದ, "ಅದು ಕಂಕುಳ ವಾಸನೆ ಹೋಗಲಾಡಿಸೋ ಸೋಪಿನ ಜಾಹೀರಾತು."

ಮಗಳು ನಗಲಿಲ್ಲ. ಪಕ್ಕಕ್ಕೆ ಬಂದು ಕೂತಳು. "ನಾನೂ ಹೀಗೇ ಚಿತ್ರ ನೋಡಿ ಓದೋದು ಅಪ್ಪ. ನಿಂಗೂ ಅಕ್ಷರ ಕುಣಿಯುತ್ತಾ?"

ಮೈಕಿನ ಕರೆಂಟು ಹೋಯಿತು. ಜೇಬು ತಡಕಿ ಕೀಲಿಯನ್ನು ಅವಳ ಅಂಗೈಗಿಟ್ಟ.

"ಇನ್ನೊಂದು ಮಾತು ಬಾಕಿ ಇದೆ," ಎಂದಳು ಹೆಂಡತಿ.

"ಅದು ಸಂಘದಲ್ಲಿ ಚರ್ಚೆ ಆಗ್ಬೇಕು," ಎಂದು ಮೈಕು ಗೊಣಗುವಷ್ಟರಲ್ಲಿ ಬೀದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಚರ್ಚೆ ಇನ್ನೂ ನಡೆಯುತ್ತಿದೆ.

ಮೈಕಿನ ಕಥೆ ಇರಲಿ. ನೀವು ಯಾವ ಮಗುವಿನ ಸೈಕಲ್ಲಿಗೆ ಬೀಗ ಹಾಕಿದ್ದೀರಿ? ಕೀಲಿ ಕೊಡಿ. ಜೊತೆಗೆ ತಪ್ಪಾಯ್ತು ಅನ್ನಿ, ಇವತ್ತೇ. ಅದೇನು ಕನ್ನಡಕ ಹಾಕಿಕೊಂಡು ಓದಿ ಹೇಳುವಂಥ ಮಾತಲ್ಲ.